ಭಾರ, ಒತ್ತಡ, ಪೀಡನ: ಒತ್ತಡಮಾಪಕದ ಹೆಸರುಗಳ ಹಿಂದಿನ ಅರ್ಥಗಳು

ಹಿಂಗಾರು ಮಳೆಯ ಕಾಲದಲ್ಲಿ ಬಂಗಾಳ ಕೊಲ್ಲಿಯ ಮೇಲೆ ಗಾಳಿ ಸುಳಿಗಟ್ಟಿತೆಂದರೆ ಮರುದಿನದ ವೃತ್ತಪತ್ರಿಕೆಗಳಲ್ಲಿ ಆ ಸುದ್ದಿ ಭಾಷೆಗೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಚೆನ್ನೈಯ ತಮಿಳು ಪತ್ರಿಕೆ ಅದನ್ನು ‘ಕಾಟ್ರಳುತ್ತ ತಾಳ್ವು’ ಎನ್ನುತ್ತದೆ. ಗಾಳಿಯೊತ್ತಡದ ತಗ್ಗು ಎಂದು ಅದರ ಅರ್ಥ. ಹೈದರಾಬಾದಿನ ತೆಲುಗರಿಗೆ ಅದು ‘ಅಲ್ಪಪೀಡನಂ’. ಮುಂಬಯಿ, ಪುಣೆಗಳ ಮರಾಠಿಯಲ್ಲಿ ‘ಕಮೀ ದಾಬಾಚಾ ಪಟ್ಟಾ’, ದೆಹಲಿಯ ಹಿಂದಿಯಲ್ಲಿ ‘ಕಮ್ ದಬಾವ್ ಕಾ ಕ್ಷೇತ್ರ’, ಕೇರಳದಲ್ಲಿ ‘ನ್ಯೂನಮರ್ದಂ’. ಇವೆಲ್ಲವುಗಳಲ್ಲಿಯೂ ಒತ್ತುವ, ಅದುಮುವ, ಹಿಂಡುವ ಕ್ರಿಯೆಯೊಂದು ಉಂಟು. ಕನ್ನಡದ ಪತ್ರಿಕೆ ಮಾತ್ರ ‘ವಾಯುಭಾರ ಕುಸಿತ’ ಎಂದು ಬರೆಯುತ್ತದೆ. ಅಲ್ಲಿ ಒತ್ತುವ ಮಾತಿಲ್ಲ, ತೂಕದ ಮಾತಿದೆ.

ಹೊರನಾಡಿನಲ್ಲಿ ನೆಲಸಿ, ಬೆಳಿಗ್ಗೆ ನೆರೆಭಾಷೆಯ ಪತ್ರಿಕೆಯನ್ನೂ ಸಂಜೆ ಊರಿನಿಂದ ಬಂದ ಕನ್ನಡ ಪತ್ರಿಕೆಯನ್ನೂ ಓದುವವರಿಗೆ ಈ ಭೇದ ಕಣ್ಣಿಗೆ ಬೀಳದೆ ಇರಲಾರದು. ಅದು ಕನ್ನಡದ ಅಜಾಗರೂಕತೆಯೆಂದು ಬಗೆಯುವುದು ಸುಲಭ. ಆದರೆ ಪಶ್ಚಿಮದಲ್ಲಿ ಈ ಅಳತೆಯ ಉಪಕರಣಗಳು ಹುಟ್ಟಿಕೊಂಡ ಬಗೆಯನ್ನೂ ಒಂದೊಂದಕ್ಕೂ ಬಿದ್ದ ಹೆಸರನ್ನೂ ಹಿಂಬಾಲಿಸಿ ನೋಡಿದರೆ, ಕನ್ನಡದ ‘ಭಾರ’ ಮುನ್ನೂರೈವತ್ತು ವರ್ಷಗಳಿಗೂ ಹಿಂದಿನ ಒಂದು ವಾದದ ಉಳಿಕೆಯೆಂಬುದು ಸ್ಪಷ್ಟವಾಗುತ್ತದೆ.

ವಾದದ ಮೂಲ ಇಟಲಿಯ ಬಾವಿಗಳಲ್ಲಿದೆ. ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎತ್ತಲಾರದೆಂಬುದು ಅಲ್ಲಿನ ಕೆಲಸಗಾರರಿಗೆ ತಿಳಿದಿದ್ದಿತು. ಪ್ರಕೃತಿಗೆ ಶೂನ್ಯವೆಂದರೆ ಹೇಸಿಗೆ, ಆದುದರಿಂದಲೇ ನೀರು ಮೇಲೇರಿ ಬರಿದಾದ ಜಾಗವನ್ನು ತುಂಬುತ್ತದೆ ಎಂಬುದು ಪಂಡಿತರ ನಂಬಿಕೆ. ಹಾಗಿದ್ದರೆ ಆ ಹೇಸಿಗೆ 10 ಮೀಟರಿಗೆ ಏಕೆ ಮುಗಿಯಬೇಕು? ನೀರಿನ ಕಂಬವು ತನ್ನ ತೂಕದಿಂದಲೇ ತೂಗುಬಿಟ್ಟ ಹಗ್ಗದಂತೆ ಹರಿದುಹೋಗುತ್ತದೆಂದು 1638ರಲ್ಲಿ ಗೆಲಿಲಿಯೋ ಬರೆದನು. ಅವನ ಕೊನೆಯ ದಿನಗಳಲ್ಲಿ ಜೊತೆಗಿದ್ದ ಟಾರಿಚೆಲ್ಲಿ ಪ್ರಶ್ನೆಯನ್ನೇ ಬುಡಮೇಲು ಮಾಡಿದನು. ನೀರನ್ನು ಮೇಲಿನ ಶೂನ್ಯ ಎಳೆಯುವುದಿಲ್ಲ. ಹೊರಗಿನ ಗಾಳಿ ಕೆಳಗಿನಿಂದ ತಳ್ಳುತ್ತದೆ. ನೀರಿಗಿಂತ ಹದಿಮೂರೂವರೆ ಪಟ್ಟಿಗೂ ಮಿಗಿಲಾಗಿ ತೂಗುವ ಪಾದರಸವನ್ನು ಗಾಜಿನ ನಳಿಕೆಯಲ್ಲಿ ತುಂಬಿ ಪಾತ್ರೆಯಲ್ಲಿ ಬೋರಲು ಹಾಕಿದರೆ ಅದು ಸುಮಾರು 76 ಸೆಂಟಿಮೀಟರಿಗೆ ಇಳಿದು ನಿಲ್ಲುತ್ತದೆ. 1644ರ ಜೂನಿನಲ್ಲಿ ರೋಮಿನ ಮಿತ್ರ ರಿಚ್ಚಿಗೆ ಬರೆದ ಕಾಗದದಲ್ಲಿ ಟಾರಿಚೆಲ್ಲಿ, ಮನುಷ್ಯರು ಗಾಳಿಯ ಕಡಲಿನ ತಳದಲ್ಲಿ ಬಾಳುತ್ತಿರುವರೆಂದೂ ಆ ಗಾಳಿಗೆ ತೂಕವುಂಟೆಂದೂ ತಿಳಿಸಿದನು.

ತೂಕವೆಂದ ಮೇಲೆ ಅದನ್ನು ತೂಗಿ ತೋರಿಸಬೇಕಷ್ಟೆ. ಆ ಹೊಣೆಯನ್ನು ಫ್ರಾನ್ಸಿನ ಪಾಸ್ಕಲ್ ವಹಿಸಿಕೊಂಡನು. ಕಡಲಿನ ತಳದಲ್ಲಿ ಭಾರ ಹೆಚ್ಚಾಗಿದ್ದರೆ ಬೆಟ್ಟದ ತುದಿಯಲ್ಲಿ ಕಡಮೆಯಾಗಿರಲೇಬೇಕು. ಅವನ ಭಾವ ಪೆರಿಯೇ 1648ರ ಸೆಪ್ಟೆಂಬರ್ 19ರಂದು ಕ್ಲೆರ್ಮಾನ್ ಊರಿನ ಮಠವೊಂದರ ತೋಟದಲ್ಲಿ ಒಂದು ನಳಿಕೆಯನ್ನು ಸನ್ಯಾಸಿಯೊಬ್ಬನ ಕಾವಲಿನಲ್ಲಿಟ್ಟು, ಇನ್ನೊಂದನ್ನು ಹೊತ್ತು ಪ್ಯೂಯಿ ದ ದೋಮ್ ಬೆಟ್ಟವನ್ನು ಹತ್ತಿದನು. ತುದಿಯಲ್ಲಿ ಪಾದರಸ ಮೂರು ಅಂಗುಲಕ್ಕೂ ಸ್ವಲ್ಪ ಹೆಚ್ಚಾಗಿ ಇಳಿದಿದ್ದಿತು. ತೋಟದಲ್ಲಿದ್ದ ನಳಿಕೆ ದಿನವೆಲ್ಲ ಕದಲಲಿಲ್ಲವೆಂದು ಸನ್ಯಾಸಿ ಸಾಕ್ಷ್ಯ ನುಡಿದನು. ಪೆರಿಯೇ ಏರಿದ ಎತ್ತರ ಸುಮಾರು 1000 ಮೀಟರು. ಮುಂಬಯಿಯಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿಯುವ ಕನ್ನಡಿಗನು ಕಡಲ ಮಟ್ಟದಿಂದ ಸುಮಾರು 920 ಮೀಟರು ಮೇಲಕ್ಕೆ ಬರುತ್ತಾನೆ. ಅವನ ಕೈಯಲ್ಲಿಯೂ ಒಂದು ನಳಿಕೆಯಿದ್ದಿದ್ದರೆ ಪಾದರಸ ಹೆಚ್ಚುಕಡಮೆ ಅದೇ ಮೂರು ಅಂಗುಲ ಇಳಿದಿರುತ್ತಿದ್ದಿತು. ಬೆಟ್ಟ ಹತ್ತಿದ ಆಯಾಸವಿಲ್ಲದ ಕಾರಣ ಆ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ.

ಈ ನಳಿಕೆಗೆ ‘ಬ್ಯಾರೋಮೀಟರ್’ ಎಂಬ ಹೆಸರು 1660ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲನ ಬರಹಗಳ ಮೂಲಕ ಬಳಕೆಗೆ ಬಂದಿತು. ಗ್ರೀಕಿನಲ್ಲಿ ‘ಬರೋಸ್’ ಎಂದರೆ ಭಾರ, ‘ಮೆಟ್ರೋನ್’ ಎಂದರೆ ಅಳತೆ. ಇಲ್ಲಿ ಭಾಷಾಶಾಸ್ತ್ರದ ಒಂದು ಸ್ವಾರಸ್ಯವನ್ನು ಗಮನಿಸಬಹುದು. ‘ಬರೋಸ್’ ಪದದ ಒಡಹುಟ್ಟಾದ ‘ಬರುಸ್’ ಎಂಬ ವಿಶೇಷಣ, ಲ್ಯಾಟಿನಿನ ‘ಗ್ರಾವಿಸ್’, ಸಂಸ್ಕೃತದ ‘ಗುರು’ ಈ ಮೂರೂ ಒಂದೇ ಮೂಲದ ಕವಲುಗಳು. ‘ಮೆಟ್ರೋನ್’ ಮತ್ತು ಸಂಸ್ಕೃತದ ‘ಮಾತ್ರಾ’ ಶಬ್ದಗಳೂ ಹಾಗೆಯೇ ಬಂಧುಗಳು. ಎಂದಮೇಲೆ ಬ್ಯಾರೋಮೀಟರಿನ ಎರಡು ಅಂಗಗಳೂ ನಾಗವರ್ಮನ ಛಂದೋಂಬುಧಿಯನ್ನು ಓದಿದವರಿಗೆ ಅಪರಿಚಿತವಲ್ಲ: ಗುರು ಮತ್ತು ಮಾತ್ರೆ. ಪದ್ಯಕ್ಕೆ ಪ್ರಸ್ತಾರ ಹಾಕುವವನೂ ಹವೆಯನ್ನು ತೂಗುವವನೂ ಒಂದೇ ಪೂರ್ವಜರ ಮಾತನ್ನು ಆಡುತ್ತಿದ್ದಾರೆ. ‘ವಾಯುಭಾರಮಾಪಕ’ ಎಂದು ಕನ್ನಡಿಸಿದವರು ಗ್ರೀಕಿನ ಹೆಸರನ್ನು ಪದಕ್ಕೆ ಪದವಾಗಿ ನಿಷ್ಠೆಯಿಂದ ತಂದರು. ‘ಕುಸಿತ’ವೂ ಆ ನಳಿಕೆಯನ್ನೇ ಕಣ್ಣಮುಂದೆ ಇಟ್ಟುಕೊಂಡ ಮಾತು; ಕುಸಿಯುವುದು ಆಕಾಶವಲ್ಲ, ಗಾಜಿನೊಳಗಣ ಪಾದರಸ. ಇಂಗ್ಲಿಷಿನವರು ಇದನ್ನೇ ‘ಡಿಪ್ರೆಷನ್’ ಎನ್ನುವರು. ಅದರ ಧಾತ್ವರ್ಥ ‘ಕೆಳಕ್ಕೆ ಒತ್ತಿದ್ದು’. ಒತ್ತಡ ಕಡಮೆಯಾದುದನ್ನು ಒತ್ತಿದ್ದೆಂದು ಕರೆಯುವ ಈ ವಿಚಿತ್ರಕ್ಕೆ ಹೋಲಿಸಿದರೆ ಕನ್ನಡದ ‘ಕುಸಿತ’ ಬಹಳ ಮೇಲು.

ಆದರೆ ‘ಭಾರ’ದಿಂದ ಎಲ್ಲವೂ ತೀರಲಿಲ್ಲ. ಹೆಸರನ್ನು ಬಳಕೆಗೆ ತಂದ ಬಾಯ್ಲನೇ ಅದರ ಕೊರತೆಯನ್ನು ಮೊದಲು ಕಂಡವನು. ಗಾಳಿಯ ಕಡಲಿನ ತೂಕವೇ ಪಾದರಸವನ್ನು ಎತ್ತಿಹಿಡಿದಿರುವುದಾದರೆ, ನಳಿಕೆಯನ್ನು ಬಿಗಿಯಾಗಿ ಮುಚ್ಚಿದ ಗಾಜಿನ ಬುರುಡೆಯೊಳಗೆ ಇಟ್ಟಾಗ ಏನಾಗಬೇಕು? ಬುರುಡೆಯೊಳಗಿನ ಗಾಳಿಯ ತೂಕ ಎಷ್ಟರದು! ಹತ್ತು ಅಡಿ ಉದ್ದಗಲ ಎತ್ತರವುಳ್ಳ ಒಂದು ಕೋಣೆಯ ಗಾಳಿಯನ್ನೆಲ್ಲ ತೂಗಿದರೂ ಸುಮಾರು 34 ಕಿಲೋಗ್ರಾಮು. ಹೊರಗಿನ ಬಯಲಿನಲ್ಲಾದರೋ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಒಂದು ಕಿಲೋಗ್ರಾಮಿಗೆ ಮಿಗಿಲಾದ ಗಾಳಿ ಕುಳಿತಿದೆ. ಬುರುಡೆ ಹೊರಗಿನ ಕಡಲನ್ನು ತಡೆದುಬಿಟ್ಟ ಮೇಲೆ ಪಾದರಸ ಕೆಳಗಿಳಿಯಬೇಕಾಗಿದ್ದಿತು. ಅದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಪಂಪಿನಿಂದ ಗಾಳಿಯನ್ನು ಹೊರತೆಗೆದಾಗ ಮಾತ್ರ ಇಳಿಯತೊಡಗಿತು. ಗಾಳಿಗೆ ತೂಕವಲ್ಲದೆ ಇನ್ನೊಂದು ಗುಣವೂ ಇರಬೇಕೆಂದು ಬಾಯ್ಲ್ ತೀರ್ಮಾನಿಸಿ, ಅದನ್ನು ಗಾಳಿಯ ‘ಸ್ಪ್ರಿಂಗ್’ ಎಂದು ಕರೆದನು. 1660ರಲ್ಲಿ ಅಚ್ಚಾದ ಗ್ರಂಥದಲ್ಲಿ ಅವನು ಕೊಟ್ಟ ಹೋಲಿಕೆ ಕುರಿಯ ಉಣ್ಣೆಯದು. ಉಣ್ಣೆಯನ್ನು ಅಂಗೈಯಲ್ಲಿ ಅದುಮಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಅದುಮಿರುವಷ್ಟು ಹೊತ್ತೂ ಅದು ಅಂಗೈಯನ್ನು ತಿರುಗಿ ಒತ್ತುತ್ತಲೇ ಇರುತ್ತದೆ. ಮೇಲಿನ ಗಾಳಿಯ ಭಾರ ಕೆಳಗಿನ ಗಾಳಿಯನ್ನು ಅದುಮಿದೆ. ಹಾಗೆ ಅದುಮಿಸಿಕೊಂಡ ಗಾಳಿಯನ್ನು ಬುರುಡೆಯಲ್ಲಿ ಸೆರೆಹಿಡಿದರೆ ಭಾರ ಹೊರಗುಳಿಯುತ್ತದೆ, ಒತ್ತು ಒಳಗುಳಿಯುತ್ತದೆ.

ಫ್ರಾನ್ಸಿಸ್ ಲೈನಸ್ ಎಂಬ ಪಾದ್ರಿ ಇದನ್ನು ಒಪ್ಪದೆ, ಕಣ್ಣಿಗೆ ಕಾಣದ ಒಂದು ಎಳೆ ಪಾದರಸವನ್ನು ಮೇಲಿನಿಂದ ಎಳೆದಿದೆಯೆಂದು 1661ರಲ್ಲಿ ವಾದಿಸಿದನು. ಅವನಿಗೆ ಉತ್ತರ ಕೊಡಲು ಬಾಯ್ಲ್ ಬಾಗಿದ ಗಾಜಿನ ಕೊಳವೆಯಲ್ಲಿ ಗಾಳಿಯನ್ನು ಪಾದರಸದಿಂದ ಅದುಮುತ್ತ ಹೋಗಿ, ಗಾಳಿಯ ಗಾತ್ರ ಅರ್ಧವಾದಾಗ ಅದರ ಒತ್ತು ಇಮ್ಮಡಿಯಾಗುವುದೆಂದು 1662ರಲ್ಲಿ ಪ್ರಕಟಿಸಿದನು. ಶಾಲೆಯ ಹುಡುಗರು ಇಂದಿಗೂ ಉರುಹೊಡೆಯುವ ಬಾಯ್ಲನ ನಿಯಮ ಒಂದು ವಾಗ್ವಾದಕ್ಕೆ ಕೊಟ್ಟ ಜವಾಬು. ಲೈನಸನ ಎಳೆ ಅಲ್ಲಿಗೆ ಕಡಿಯಿತು.

ಇನ್ನೊಂದು ಹೆಸರು ಹುಟ್ಟಿದುದು 1705ರಲ್ಲಿ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಸದಸ್ಯನಾದ ಪಿಯರ್ ವಾರಿನ್ಯೋನ್ ಗಾಳಿಯ ಸ್ಥಿತಿಯನ್ನು ಅಳೆಯುವ ಉಪಕರಣವೊಂದನ್ನು ವರ್ಣಿಸಿ ಅದಕ್ಕೆ ‘ಮಾನೋಮೀಟರ್’ ಎಂದು ಹೆಸರಿಟ್ಟನು. ಗ್ರೀಕಿನ ‘ಮಾನೋಸ್’ ಎಂದರೆ ವಿರಳ, ತೆಳು, ಒತ್ತಾಗಿಲ್ಲದ್ದು. ಆದುದರಿಂದ ಮಾನೋಮೀಟರ್ ಎಂದರೆ ಅಕ್ಷರಾರ್ಥದಲ್ಲಿ ವಿರಳತಾಮಾಪಕ. ಇಂದು ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಒತ್ತಡವನ್ನು ಅಳೆಯುತ್ತಿರುವ ಉಪಕರಣದ ಹೆಸರು ಒತ್ತಡಕ್ಕೆ ನೇರ ವಿರುದ್ಧವಾದ ಗುಣವನ್ನು ಸಾರುತ್ತಿದೆ. ರೋಗಿಯ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ನೋಡುವ ಯಂತ್ರಕ್ಕೆ ವೈದ್ಯರು ಇಟ್ಟಿರುವ ‘ಸ್ಫಿಗ್ಮೋಮಾನೋಮೀಟರ್’ ಎಂಬ ಹೆಸರನ್ನು ಬಿಡಿಸಿದರೆ ‘ನಾಡಿಮಿಡಿತದ ವಿರಳತೆಯ ಅಳತೆ’ ಎಂದಾಗುತ್ತದೆ. ಪುಣ್ಯಕ್ಕೆ ಯಾರೂ ಅದನ್ನು ಹಾಗೆ ಕನ್ನಡಿಸಲಿಲ್ಲ.

ಕನ್ನಡದ ‘ಒತ್ತು’ ಈ ವಿಷಯದಲ್ಲಿ ಬಹಳ ಭಾಗ್ಯಶಾಲಿ. ಅದುಮುವುದೂ ಒತ್ತುವುದೇ, ದಟ್ಟವಾಗಿರುವುದೂ ಒತ್ತಾಗಿರುವುದೇ. ಪೈರು ಒತ್ತಾಗಿ ಬೆಳೆಯುತ್ತದೆ, ಮನೆಗಳು ಒತ್ತೊತ್ತಾಗಿ ನಿಲ್ಲುತ್ತವೆ. ಬಾಯ್ಲ್ ಕೊಳವೆಯನ್ನು ಬಾಗಿಸಿ ತೋರಿಸಿದ ಸಂಬಂಧವನ್ನು, ಎಂದರೆ ಗಾಳಿ ಒತ್ತಾದಷ್ಟೂ ಹೆಚ್ಚಾಗಿ ಒತ್ತುತ್ತದೆಂಬುದನ್ನು, ಈ ಧಾತು ತನ್ನೊಳಗೇ ಅಡಗಿಸಿಕೊಂಡಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ತೆರೆದರೆ ಈ ಧಾತುವಿನ ಕುಟುಂಬ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಮುದ್ರೆಯೊತ್ತುವುದು, ಕಾಲೊತ್ತುವುದು, ಕಣ್ಣೊರೆಸಿ ಒತ್ತಿಕೊಳ್ಳುವುದು, ಅಡುಗೆಮನೆಯ ಒತ್ತುಶ್ಯಾವಿಗೆ, ಬರಹದ ಒತ್ತಕ್ಷರ, ಒತ್ತಾಯ, ಒತ್ತಾಸೆ, ಕಂದಾಯ ಇಲಾಖೆಯ ಕಡತಗಳಲ್ಲಿ ಬರುವ ಒತ್ತುವರಿ. ಇವುಗಳಲ್ಲಿ ಒತ್ತಾಯ ಹಿಂಸೆಯಾದರೆ ಒತ್ತಾಸೆ ಆಸರೆ. ಧಾತು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ.

ನೆರೆಭಾಷೆಗಳು ಆರಿಸಿಕೊಂಡ ಶಬ್ದಗಳು ಕನ್ನಡಿಗನ ಕಿವಿಯಲ್ಲಿ ಬೇರೆಯೇ ಧ್ವನಿಯನ್ನು ಎಬ್ಬಿಸುತ್ತವೆ. ತೆಲುಗಿನ ‘ಪೀಡನಂ’ ಕೇಳಿದೊಡನೆ ಅವನಿಗೆ ಗ್ರಹಪೀಡೆ ನೆನಪಾಗುತ್ತದೆ. ಸಂಸ್ಕೃತದಲ್ಲಿ ಆ ಧಾತುವಿಗೆ ಮೊದಲು ಹಿಂಡು, ಅದುಮು ಎಂಬ ಅರ್ಥವೇ ಇದ್ದಿತು. ಹಿಂಸೆಯ ಅರ್ಥ ಅದರಿಂದ ಬೆಳೆದುದು. ಮದುವೆಗೆ ‘ಪಾಣಿಪೀಡನ’ವೆಂಬ ಹೆಸರಿರುವುದು ಕೈಯನ್ನು ಒತ್ತಿ ಹಿಡಿಯುವುದರಿಂದಲೇ ಹೊರತು, ವಿನೋದಗಾರರು ಹೇಳುವ ಕಾರಣದಿಂದಲ್ಲ. ಯುರೋಪಿನಲ್ಲಿಯೂ ಇದೇ ಕಥೆ. ಇಂಗ್ಲಿಷಿನ ‘ಪ್ರೆಷರ್’ ಲ್ಯಾಟಿನಿನ ‘ಪ್ರೆಸ್ಸೂರಾ’ದಿಂದ ಬಂದುದು, ಲ್ಯಾಟಿನ್ ಬೈಬಲಿನಲ್ಲಿ ಅದು ಲೋಕದಲ್ಲಿ ಮನುಷ್ಯರು ಪಡುವ ಸಂಕಟದ ಹೆಸರು. ಗಾಳಿಗೂ ನೀರಿಗೂ ಅಂಟಿಕೊಳ್ಳುವ ಮೊದಲೇ ಆ ಶಬ್ದ ಇಂಗ್ಲಿಷಿನಲ್ಲಿ ಬಾಧೆಯ ಅರ್ಥದಲ್ಲಿ ಓಡಾಡುತ್ತಿದ್ದಿತು. ಇಂದು ಕಚೇರಿಯ ಕೆಲಸ ‘ಪ್ರೆಷರ್’ ಎಂದು ಗೊಣಗುವವರು ಯಂತ್ರಶಾಸ್ತ್ರದಿಂದ ಮಾತನ್ನು ಸಾಲ ತಂದಿರುವರೆಂದು ತೋರಿದರೂ ನಿಜಕ್ಕೆ ಮೂಲಧನವನ್ನೇ ಹಿಂದಕ್ಕೆ ಪಡೆದಿದ್ದಾರೆ. ಮಲಯಾಳದ ‘ಮರ್ದಂ’ ಮಹಿಷಮರ್ದಿನಿಯನ್ನು ನೆನಪಿಗೆ ತರುತ್ತದೆ. ರಕ್ತದೊತ್ತಡವನ್ನು ಅವರು ‘ರಕ್ತಸಮ್ಮರ್ದಂ’ ಎನ್ನುವಾಗ ಕನ್ನಡಿಗನಿಗೆ ಜಾತ್ರೆಯ ಜನಸಮ್ಮರ್ದ ಕಣ್ಣಮುಂದೆ ಬರುತ್ತದೆ. ದೆಹಲಿಯ ‘ರಕ್ತಚಾಪ’ವಂತೂ ರಕ್ತದ ಬಿಲ್ಲಾಗಿಬಿಡುತ್ತದೆ. ಅಲ್ಲಿಯ ‘ಚಾಪ’ ಸಂಸ್ಕೃತದ ಬಿಲ್ಲಲ್ಲ, ಅದುಮುವ ಅರ್ಥದ ದೇಶ್ಯ ಶಬ್ದ.

ಬಿಲ್ಲಿನ ಭ್ರಾಂತಿ ಆಕಸ್ಮಿಕವಾದರೂ, ಒತ್ತಡಮಾಪಕದ ಒಡಲಿನಲ್ಲಿ ಒಂದು ಬಿಲ್ಲು ಇರುವುದು ನಿಜ. ಅದರ ಕಥೆಗೆ ಉಗಿಯಂತ್ರದ ಕಾಲಕ್ಕೆ ಬರಬೇಕು. 1712ರಲ್ಲಿ ನ್ಯೂಕಾಮೆನ್ ಕಟ್ಟಿದ ಯಂತ್ರದಲ್ಲಿ ದುಡಿಯುತ್ತಿದ್ದುದು ವಾಸ್ತವವಾಗಿ ಉಗಿಯಲ್ಲ. ಉಗಿ ತಣಿದು ಬರಿದಾದ ಸಿಲಿಂಡರಿನೊಳಕ್ಕೆ ಕೊಂತವನ್ನು ತಳ್ಳುತ್ತಿದ್ದ ಹೊರಗಿನ ಗಾಳಿ. ಜೇಮ್ಸ್ ವಾಟನ ಯಂತ್ರಗಳಲ್ಲಿಯೂ ಉಗಿಯ ಒತ್ತಡ ಗಾಳಿಯ ಒತ್ತಡಕ್ಕಿಂತ ಅಷ್ಟೇನೂ ಹೆಚ್ಚಿರಲಿಲ್ಲವಾದುದರಿಂದ ಪಾದರಸದ ಗಿಡ್ಡ ನಳಿಕೆಯೇ ಅಳತೆಗೆ ಸಾಕಾಗುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಟ್ರೆವಿಥಿಕ್ ಮೊದಲಾದವರು ಹೆಚ್ಚೊತ್ತಡದ ಉಗಿಯನ್ನು ಪಳಗಿಸತೊಡಗಿದ ಮೇಲೆ ಲೆಕ್ಕ ಕೈಮೀರಿತು. ಗಾಳಿಯ ಒತ್ತಡದ ಹತ್ತು ಪಟ್ಟನ್ನು ತೆರೆದ ನಳಿಕೆಯಲ್ಲಿ ಅಳೆಯಬೇಕಾದರೆ ಪಾದರಸದ ಕಂಬ ಏಳು ಮೀಟರಿಗೂ ಎತ್ತರವಾಗಬೇಕು. ಅಂತಹ ಗಾಜಿನ ಕಂಬವನ್ನು ಓಲಾಡುತ್ತ ಓಡುವ ರೈಲು ಎಂಜಿನ್ನಿನ ಮೇಲೆ ಎಲ್ಲಿ ನಿಲ್ಲಿಸುವುದು?

ಪಾದರಸವನ್ನು ಬಿಟ್ಟು ಲೋಹದ ನಮ್ಯತೆಯಿಂದಲೇ ಒತ್ತಡವನ್ನು ಅಳೆಯುವ ದಾರಿಯನ್ನು 1844ರಲ್ಲಿ ಫ್ರಾನ್ಸಿನ ಲ್ಯೂಸಿಯಾನ್ ವಿಡಿ ತೆರೆದನು. ಗಾಳಿ ತೆಗೆದ ತೆಳು ತಗಡಿನ ಡಬ್ಬಿಯೊಂದು ಹೊರಗಿನ ಒತ್ತಡ ಏರಿಳಿದಂತೆ ಕುಗ್ಗಿ ಹಿಗ್ಗುತ್ತದೆ. ಅದಕ್ಕೆ ಮುಳ್ಳನ್ನು ಜೋಡಿಸಿದರಾಯಿತು. ಅದರ ಹೆಸರು ‘ಅನೆರಾಯ್ಡ್’. ‘ಒದ್ದೆಯಿಲ್ಲದ್ದು’ ಎಂದು ಗ್ರೀಕಿನ ಅರ್ಥ. ಹೆಸರುಗಳ ಇಡೀ ಸಾಲಿನಲ್ಲಿ ಗಾಳಿಯ ಗೊಡವೆಗೇ ಹೋಗದೆ, ತನ್ನೊಳಗೆ ಏನಿಲ್ಲವೆಂಬುದನ್ನಷ್ಟೇ ಹೇಳಿ ಸುಮ್ಮನಾಗುವ ಹೆಸರು ಇದೊಂದೇ.

ಐದು ವರ್ಷಗಳ ತರುವಾಯ ಪ್ಯಾರಿಸಿನ ಯಂತ್ರಶಿಲ್ಪಿ ಯೂಜೀನ್ ಬೂರ್ದೋನ್ ತನ್ನ ಮಾಪಕಕ್ಕೆ ಪೇಟೆಂಟು ಪಡೆದನು. ಅದು ಕೈಗೆ ಸಿಕ್ಕ ಸಂದರ್ಭವನ್ನು ಅವನೇ ಹೇಳಿಕೊಂಡಿದ್ದಾನೆ. ಉಗಿಯಂತ್ರವೊಂದಕ್ಕಾಗಿ ಸಿದ್ಧಪಡಿಸಿದ್ದ ಸುರುಳಿಗೊಳವೆ ಒಂದು ಕಡೆ ಜಜ್ಜಿ ಚಪ್ಪಟೆಯಾಗಿದ್ದಿತು. ಅದನ್ನು ಸರಿಪಡಿಸಲು ಒಂದು ತುದಿಯನ್ನು ಮುಚ್ಚಿ ಇನ್ನೊಂದರಿಂದ ಪಂಪಿನ ಮೂಲಕ ನೀರನ್ನು ಒತ್ತಿದಾಗ, ಚಪ್ಪಟೆಯಾದ ಭಾಗ ದುಂಡಗಾಗುತ್ತ ಬಂದಿತು. ಅದರೊಡನೆ ಸುರುಳಿಯೂ ಬಿಚ್ಚಿಕೊಳ್ಳತೊಡಗಿತು. ಬೇರೊಬ್ಬನಾಗಿದ್ದರೆ ಕೊಳವೆ ಕೆಟ್ಟಿತೆಂದು ಮೂಲೆಗೆಸೆಯುತ್ತಿದ್ದನೋ ಏನೋ. ಒಳಗಿನ ಒತ್ತಡ ಎಷ್ಟೋ ಸುರುಳಿ ಬಿಚ್ಚುವುದೂ ಅಷ್ಟೇ ಎಂಬುದನ್ನು ಬೂರ್ದೋನ್ ಕಂಡುಕೊಂಡನು. ಚಪ್ಪಟೆ ಬಾಯಿಯ ಕೊಳವೆಯನ್ನು ಬಿಲ್ಲಿನಂತೆ ಬಾಗಿಸಿ, ಒಂದು ತುದಿಯನ್ನು ಉಗಿಗೆ ತೆರೆದು, ಮುಚ್ಚಿದ ಇನ್ನೊಂದು ತುದಿಗೆ ಹಲ್ಲುಚಕ್ರದ ಮೂಲಕ ಮುಳ್ಳನ್ನು ತಗುಲಿಸಿದನು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದಕ್ಕೆ ಪದಕ ದೊರೆಯಿತು. ಲೋಹದ ಬಾಗುವಿಕೆಯಿಂದ ಅಳೆಯುವ ಉಪಾಯ ತನ್ನದೆಂದು ವಿಡಿ ನ್ಯಾಯಾಲಯಕ್ಕೆ ಹೋದುದರಿಂದ ಇಬ್ಬರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಜರ್ಮನಿಯ ಮಾಗ್ಡೆಬುರ್ಗಿನಲ್ಲಿ ಬೆರ್ನ್‌ಹಾರ್ಡ್ ಷೇಫರ್ ಅದೇ ಕಾಲಕ್ಕೆ ತಗಡಿನ ಪೊರೆಯ ಮಾಪಕವನ್ನು ರೂಪಿಸಿದನು. ಗಾಳಿ ತೆಗೆದ ಎರಡು ತಾಮ್ರದ ಬಟ್ಟಲುಗಳನ್ನು ಕುದುರೆಗಳೂ ಬೇರ್ಪಡಿಸಲಾರದೆ ಹೋದ ಪ್ರಸಿದ್ಧ ಪ್ರಯೋಗವನ್ನು 1650ರ ದಶಕದಲ್ಲಿ ನಡೆಸಿದ ಗೇರಿಕೆ ಇದೇ ಊರಿನ ಪುರಪ್ರಮುಖನಾಗಿದ್ದನು.

ಬೂರ್ದೋನನ ಮಾಪಕಕ್ಕೆ ಇಂಗ್ಲಿಷಿನಲ್ಲಿ ಅಂಟಿಕೊಂಡ ‘ಗೇಜ್’ ಶಬ್ದ ಶಾಸ್ತ್ರದ್ದಲ್ಲ, ಸಂತೆಯದು. ಫ್ರಾನ್ಸಿನ ಉತ್ತರ ಭಾಗದಿಂದ ಬಂದ ಆ ಮಾತು ಪೀಪಾಯಿಗಳಲ್ಲಿ ಮದ್ಯ ಎಷ್ಟಿದೆಯೆಂದು ನೋಡುವ ಅಳತೆಗೋಲಿಗೆ ಹತ್ತಿದ್ದಿತು; ‘ಗೇಜರ್’ ಎಂದರೆ ಅಬಕಾರಿಯ ಅಧಿಕಾರಿ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಆ ಉದ್ಯೋಗವನ್ನು ಮಾಡಿದವನು. ಮೈಸೂರು ಸೀಮೆಯವರಿಗೆ ಬಹುಕಾಲ ‘ಗೇಜು’ ಎಂದರೆ ರೈಲುಹಳಿಗಳ ನಡುವಣ ಅಗಲವಾಗಿದ್ದಿತು. ಕಾರ್ಖಾನೆಯ ಕನ್ನಡದಲ್ಲಿ ಇಂದಿಗೂ ‘ಪ್ರೆಷರ್ ಗೇಜು’ ಎಂದೇ ಬಳಕೆ. ‘ಒತ್ತಡಮಾಪಕ’ ಪುಸ್ತಕಗಳಲ್ಲಿ ಉಳಿದಿದೆ.

ಈ ಮಾಪಕ ಬರಿಯ ಕುತೂಹಲದ ವಸ್ತುವಲ್ಲ. ಕಲ್ಕತ್ತೆಯಲ್ಲಿ 1863ರಲ್ಲಿ ಬಾಯ್ಲರೊಂದು ಸಿಡಿದು ಪ್ರಾಣಹಾನಿಯಾಯಿತು. ಅದರಿಂದಾಗಿಯೇ ಬಾಯ್ಲರುಗಳ ತಪಾಸಣೆಗೆ 1864ರಲ್ಲಿ ಬಂಗಾಳದಲ್ಲಿ ಶಾಸನವಾಯಿತು. ಪ್ರಾಂತಕ್ಕೊಂದರಂತೆ ಬೆಳೆದ ಕಟ್ಟಳೆಗಳನ್ನು ಒಂದುಗೂಡಿಸಿ 1923ರಲ್ಲಿ ಭಾರತೀಯ ಬಾಯ್ಲರು ಅಧಿನಿಯಮವನ್ನು ರಚಿಸಲಾಯಿತು. ಉಗಿಯ ಒಲೆಯ ಮುಂದೆ ನಿಂತವನ ಜೀವ ಆ ಮುಳ್ಳಿನ ಮೇಲೆ ನಿಂತಿರುತ್ತದೆ. ಆದುದರಿಂದ ಮುಳ್ಳು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲವೆಂಬುದು ಸ್ಪಷ್ಟವಾಗಿ ತಿಳಿದಿರಬೇಕು.

ಬೂರ್ದೋನನ ಬಿಲ್ಲು ಅಳೆಯುವುದು ಒಳಗಿನ ಒತ್ತಡವನ್ನಲ್ಲ. ಒಳಗಿನ ಒತ್ತಡ ಹೊರಗಿನ ಒತ್ತಡವನ್ನು ಎಷ್ಟರಮಟ್ಟಿಗೆ ಮೀರಿದೆ ಎಂಬುದನ್ನು. ಮುಳ್ಳು ಸೊನ್ನೆಯ ಮೇಲಿದ್ದಾಗ ಪಾತ್ರೆ ಬರಿದಾಗಿಲ್ಲ. ಕಡಲ ಮಟ್ಟದಲ್ಲಿ ಚದರ ಅಂಗುಲಕ್ಕೆ 14.7 ಪೌಂಡು ಒತ್ತಡದ ಗಾಳಿ ಒಳಗೂ ಇದೆ, ಹೊರಗೂ ಇದೆ. ಎರಡೂ ಸಮನಾಗಿರುವುದೇ ಆ ಸೊನ್ನೆಯ ಅರ್ಥ. ಇದನ್ನು ಮರೆತು ಲೆಕ್ಕ ಹಾಕಿದರೆ ಏನಾಗುತ್ತದೆಂಬುದಕ್ಕೆ ಬಾಯ್ಲನ ನಿಯಮವೇ ನಿದರ್ಶನ. ಮಾಪಕವು 15 ಪೌಂಡು ತೋರುತ್ತಿರುವ ಗಾಳಿಯನ್ನು ಅರ್ಧ ಗಾತ್ರಕ್ಕೆ ಅದುಮಿದರೆ ಮುಳ್ಳು ಎಲ್ಲಿಗೆ ಹೋದೀತು? 30ಕ್ಕೆ ಎಂದು ವಿದ್ಯಾರ್ಥಿ ಉತ್ತರಿಸುತ್ತಾನೆ. ವಾಸ್ತವದಲ್ಲಿ ಒಳಗೆ ಇದ್ದುದು ಸುಮಾರು 30, ಆಗುವುದು 60. ಹೊರಗಿನ 15ನ್ನು ಕಳೆದು ಮುಳ್ಳು 45ರ ಮೇಲೆ ನಿಲ್ಲುತ್ತದೆ. 30ನ್ನು ತಡೆದುಕೊಳ್ಳುವಂತೆ ಕಟ್ಟಿದ ಪಾತ್ರೆಗೆ ಈ ಅಂತರ ಸಣ್ಣದಲ್ಲ. ಮುಂಬಯಿಯಲ್ಲಿ 10 ಪೌಂಡಿಗೆ ತುಂಬಿ ಮುಚ್ಚಿದ ಸಿಲಿಂಡರನ್ನು ಬೆಂಗಳೂರಿಗೆ ತಂದರೂ, ಉಷ್ಣತೆ ಒಂದೇ ಆಗಿದ್ದ ಪಕ್ಷದಲ್ಲಿ, ಮಾಪಕ ಸುಮಾರು ಒಂದೂವರೆ ಪೌಂಡು ಹೆಚ್ಚಾಗಿ ತೋರಿಸುತ್ತದೆ. ಒಳಗಿನ ಅನಿಲ ಕದಲಿಲ್ಲ, ಹೊರಗಿನ ಕಡಲು ತೆಳುವಾಗಿದೆ.

ಇಂಗ್ಲಿಷಿನಲ್ಲಿ ಈ ಎರಡು ಒತ್ತಡಗಳಿಗೆ ಎರಡು ಹೆಸರುಗಳಿವೆ. ಕನ್ನಡದಲ್ಲಿ ಒಂದಕ್ಕೆ ‘ನಿರಪೇಕ್ಷ ಒತ್ತಡ’ವೆಂಬ ಶಬ್ದ ದೊರೆಯುತ್ತದೆ. ಇನ್ನೊಂದನ್ನು ‘ಮಾಪಕ ಒತ್ತಡ’ವೆನ್ನುವುದು ಪದಕ್ಕೆ ಪದವಿಟ್ಟ ಅನುವಾದ, ಓದುವವನಿಗೆ ಅದು ಯಾವ ಅರ್ಥವನ್ನೂ ಕೊಡುವುದಿಲ್ಲ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಗಾಳಿಯ ಒತ್ತಡದ ಮೇಲೆ ಇರುವುದರಿಂದ ಅದನ್ನು ‘ಮೇಲೊತ್ತಡ’ ಎನ್ನಬಹುದು. ಮೇಲುಸಂಪಾದನೆ ಸಂಬಳದ ಹೊರತಾದುದೆಂದು ತಿಳಿದವರಿಗೆ ಮೇಲೊತ್ತಡ ಗಾಳಿಯ ಪಾಲಿನ ಹೊರತಾದುದೆಂದು ವಿವರಿಸಬೇಕಾಗಿಲ್ಲ.

ಅಡುಗೆಮನೆಯ ಕುಕ್ಕರಿನಲ್ಲಿ ಈ ಮೇಲೊತ್ತಡವೇ ದುಡಿಯುತ್ತಿರುವುದು. ಅದರ ಪೂರ್ವಜನಾದ ಉಗಿಪಾತ್ರೆಯನ್ನು 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದ ಡೆನಿ ಪಾಪಿನ್, ಬಾಯ್ಲನಲ್ಲಿ ಸಹಾಯಕನಾಗಿದ್ದವನು. ಕುಕ್ಕರಿಗೆ ಮುಳ್ಳಿಲ್ಲ, ಮುಚ್ಚಳದ ರಂಧ್ರದ ಮೇಲೆ ಕುಳಿತ ತೂಕವುಂಟು. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಗಾಳಿಯನ್ನು ಮೀರಿದಾಗ ಆ ತೂಕ ಎದ್ದು ಸದ್ದು ಮಾಡುತ್ತದೆ; ನೀರು ಅಷ್ಟರೊಳಗೆ ಸುಮಾರು 120 ಡಿಗ್ರಿಗೆ ಕಾದಿರುತ್ತದೆ. ಮನೆಮಂದಿ ಅದನ್ನು ‘ವೆಯ್ಟು’ ಎಂದೇ ಕರೆಯುವರು. ಭಾರದಿಂದ ಒತ್ತಡವನ್ನು ಅಳೆಯುವ ಟಾರಿಚೆಲ್ಲಿಯ ಉಪಾಯ, ಹೆಸರಿನ ಸಮೇತ, ಅಲ್ಲಿ ದಿನವೂ ನಡೆಯುತ್ತಿದೆ.

ಹಾಗಾದರೆ ‘ವಾಯುಭಾರ’ವನ್ನು ತೆಗೆದುಹಾಕಿ ನೆರೆಯವರಂತೆ ಎಲ್ಲೆಡೆಯೂ ‘ಒತ್ತಡ’ವನ್ನೇ ತರಬೇಕೆ? ಭೂಗೋಳದ ಪಾಠಗಳಲ್ಲಿ ಇಂದು ‘ಒತ್ತಡದ ಪಟ್ಟಿ’ಗಳನ್ನು ‘ವಾಯುಭಾರಮಾಪಕ’ದಿಂದ ಅಳೆಯುವ ಮಿಶ್ರಣವಿದೆ, ಎರಡೂ ಒಂದೇ ಪರಿಮಾಣವೆಂದು ಹುಡುಗರಿಗೆ ಹೊಳೆಯುವುದು ಕಷ್ಟ. ಆದರೂ ತೆರೆದ ಬಯಲಿನ ಹವೆಯ ಮಟ್ಟಿಗೆ ‘ಭಾರ’ ತಪ್ಪು ಮಾತಲ್ಲ. ಬಂಗಾಳ ಕೊಲ್ಲಿಯ ಮೇಲಿನ ಒತ್ತಡ, ಅಲ್ಲಿಂದ ಮೇಲಕ್ಕೆ ನಿಂತ ಗಾಳಿಯ ಕಂಬದ ತೂಕವೇ. ಕಂಬದಿಂದ ಗಾಳಿ ಹೊರಕ್ಕೆ ಹರಿದುಹೋದಾಗ ಭಾರ ನಿಜವಾಗಿಯೂ ಕಡಮೆಯಾಗುತ್ತದೆ. ‘ಒತ್ತಡ’ ಕ್ರಿಯೆಯನ್ನು ಹೇಳಿದರೆ ‘ಭಾರ’ ಕಾರಣವನ್ನು ಹೇಳುತ್ತದೆ. ಮುಚ್ಚಿದ ಪಾತ್ರೆ, ಬಾಯ್ಲರು, ರಕ್ತನಾಳ ಇವುಗಳಲ್ಲಿ ‘ಭಾರ’ ಸಲ್ಲದು. ಅಲ್ಲಿ ಕನ್ನಡ ಅದನ್ನು ಬಳಸಿಯೂ ಇಲ್ಲ. 1733ರಲ್ಲಿ ಸ್ಟೀಫನ್ ಹೇಲ್ಸ್ ಪ್ರಕಟಿಸಿದ ಪ್ರಯೋಗದಲ್ಲಿ ಕುದುರೆಯ ರಕ್ತವು ಗಾಜಿನ ಕೊಳವೆಯಲ್ಲಿ ಎಂಟು ಅಡಿಗೂ ಮೇಲೆ ಏರಿದ್ದಿತು. 1896ರಲ್ಲಿ ರೀವಾ ರೋಚ್ಚಿ ತೋಳಿನ ಪಟ್ಟಿಯನ್ನು ರೂಪಿಸಿದ ಮೇಲೆ ನಾಳವನ್ನು ಕೊಯ್ಯದೆ ಅದನ್ನು ಅಳೆಯುವಂತಾಯಿತು. ಕನ್ನಡದಲ್ಲಿ ಅದಕ್ಕೆ ಮೊದಲಿನಿಂದಲೂ ‘ರಕ್ತದೊತ್ತಡ’ವೇ. ಪಾದರಸದ ಯಂತ್ರಗಳು ಆಸ್ಪತ್ರೆಗಳಿಂದ ಮರೆಯಾಗುತ್ತ ಬಂದಿದ್ದರೂ ವೈದ್ಯರು ಅಂಕಿಯನ್ನು ಇಂದಿಗೂ ಪಾದರಸದ ಮಿಲಿಮೀಟರುಗಳಲ್ಲಿಯೇ ಹೇಳುತ್ತಾರೆ, ಅದೂ ಮೇಲೊತ್ತಡವೇ.

ಇನ್ನು ಉಳಿದುದು ಸೊನ್ನೆಯ ಕೆಳಗಿನ ಪಾಲು. 1947ರಿಂದ ಭಾರತದ ಅಗಲ ಹಳಿಗಳ ಮೇಲೆ ಓಡಿದ ‘ಡಬ್ಲ್ಯು.ಪಿ.’ ವರ್ಗದ ಉಗಿ ಎಂಜಿನ್ನುಗಳಲ್ಲಿ ಚಾಲಕನ ಮುಂದೆ ಎರಡು ಮುಖ್ಯ ಮಾಪಕಗಳಿದ್ದುವು. ಒಂದು ಬಾಯ್ಲರಿನದು, ಅದರ ಮಿತಿ ಚದರ ಅಂಗುಲಕ್ಕೆ 210 ಪೌಂಡು, ಎಂದರೆ ನಿರಪೇಕ್ಷವಾಗಿ ಸುಮಾರು 225. ಇನ್ನೊಂದು ಬ್ರೇಕಿನದು. ಗಾಡಿಯುದ್ದಕ್ಕೂ ಹಾಯ್ದ ಕೊಳವೆಯಿಂದ ಗಾಳಿಯನ್ನು ಹೀರಿದಾಗ ಬ್ರೇಕು ಸಡಿಲವಾಗುತ್ತಿದ್ದಿತು. ಗಾಳಿಯನ್ನು ಒಳಬಿಟ್ಟಾಗ ಅದರ ಒತ್ತಡವೇ ಬ್ರೇಕನ್ನು ಹಿಡಿಯುತ್ತಿದ್ದಿತು. ಅದರ ಮುಖದ ಮೇಲಿನ ಅಂಕಿಗಳು ಪಾದರಸದ ಅಂಗುಲಗಳು, ಒಳಗೆ ಒಂದು ಹನಿ ಪಾದರಸವೂ ಇಲ್ಲದ ಬೂರ್ದೋನನ ಅದೇ ಬಿಲ್ಲು. ಅದನ್ನು ‘ನಿರ್ವಾತಮಾಪಕ’ವೆನ್ನುವುದು ರೂಢಿ. ಆದರೆ ಅದು ಅಳೆಯುತ್ತಿದ್ದುದು ನಿರ್ವಾತವನ್ನಲ್ಲ, ಹೊರಗಿನ ಗಾಳಿಗೆ ಹೋಲಿಸಿದ ಕೊರತೆಯನ್ನು. ಮುಳ್ಳು 20 ಅಂಗುಲ ತೋರಿಸುವಾಗ ಮುಂಬಯಿಯಲ್ಲಿ ಆ ಕೊಳವೆಯೊಳಗೆ ಇನ್ನೂ 10 ಅಂಗುಲದ ಗಾಳಿ ಉಳಿದಿರುತ್ತಿದ್ದಿತು. ಹೊರಗಿನ ಗಾಳಿಯೇ 27 ಅಂಗುಲವಾದ ಬೆಂಗಳೂರಿನ ಎತ್ತರದಲ್ಲಾದರೆ, ಅದೇ 20ರ ಮೇಲೆ ಮುಳ್ಳು ನಿಂತಿರುವಾಗ ಉಳಿಯುವುದು 7 ಮಾತ್ರ.